ಕುಂಕುಮದ ಕೆಳಗಿನ ಹಳದಿ ದೀಪ

ನಮ್ಮ ಯಜಮಾನರು ಸೊಣ್ಣಪ್ಪನವರಿಗೆ ಎರಡೇ ಹೆಮ್ಮೆ. ಹತ್ತೊಂಬತ್ತು ವರ್ಷ ಶಾಲಾ ಮಕ್ಕಳ ವ್ಯಾನ್ ಓಡಿಸಿದರೂ ಒಂದು ಮಗುವಿನ ಮೊಣಕಾಲೂ ತರಚಿಲ್ಲ ಎನ್ನುವುದು ಒಂದು. ತಾವು ಯಾರ ಮಾತನ್ನೂ ಕೇಳುವುದಿಲ್ಲ ಎನ್ನುವುದು ಇನ್ನೊಂದು. ಆ ಎರಡನೆಯದರ ಜೊತೆ ಸಂಸಾರ ಮಾಡಿದವಳು ಗಂಗರತ್ನಮ್ಮನೆಂಬ ನಾನು.

ಮೊದಲು ಅವರು ತರಗುಪೇಟೆಯಲ್ಲಿ ಬೇಳೆ ಮೂಟೆ ಸಾಗಿಸುವ ಟೆಂಪೋ ಓಡಿಸುತ್ತಿದ್ದರು. ಈಗ ಹನುಮಂತನಗರದಿಂದ ಚಾಮರಾಜಪೇಟೆಯ ಶಾಲೆಗೆ ಒಂಬತ್ತು ಮಕ್ಕಳು. ಇಳಿಜಾರು ಬಂದರೆ ಆಮೆಯ ನಡೆ. ಕೇಳಿದರೆ, "ಮೂಟೆ ಬಿದ್ರೆ ಎತ್ತಿ ಇಡ್ಬೋದು" ಎಂದಷ್ಟೇ ಹೇಳುತ್ತಾರೆ.

ಹೋದ ಡಿಸೆಂಬರಿನಲ್ಲಿ ವ್ಯಾನಿನ ಕಂಪನಿಯಿಂದ ಕಾಗದ ಬಂತು. ನಮ್ಮ ವ್ಯಾನ್ ತಯಾರಾದ ವರ್ಷದ ಗಾಡಿಗಳ ಬ್ರೇಕಿನ ವೈರಿಂಗ್‌ನಲ್ಲಿ ದೋಷವಿದೆ, ಜೋರಾಗಿ ಬ್ರೇಕ್ ಹಾಕಿದರೆ ಚಕ್ರ ಬಿಗಿದು ಗಾಡಿ ಜಾರಬಹುದು, ತಂದರೆ ಪುಕ್ಕಟೆ ಸರಿಮಾಡಿಕೊಡುತ್ತೇವೆ ಎಂದು ಬರೆದಿತ್ತು. ಮೀಟರಿನಲ್ಲಿ ಹಳದಿ ದೀಪ ಉರಿಯುತ್ತಿದ್ದರೆ ಗಾಡಿ ಓಡಿಸಲೇಬೇಡಿ ಎಂದೂ ಇತ್ತು.

"ದೀಪ ಗೀಪ ಏನೂ ಬಂದಿಲ್ಲ. ದಿನಾ ನೋಡ್ತೀನಲ್ಲ ನಾನು. ಕ್ರಿಸ್‌ಮಸ್ ರಜದಲ್ಲಿ ನೋಡೋಣ" ಎಂದು ಕಾಗದವನ್ನು ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದರು.

ನನಗೆ ಮೈಯೆಲ್ಲ ಉರಿಯಿತು. "ಬೇರೆಯವರ ಮಕ್ಕಳು ರೀ. ಕಣ್ಣಾರೆ ನೋಡದೆ ನಾನು ನಂಬಲ್ಲ" ಎಂದು ಕೀ ಎತ್ತಿಕೊಂಡು ಬೀದಿಗಿಳಿದೆ. ಗೊಣಗುತ್ತಾ ಬಂದು ಇಂಜಿನ್ ಶುರು ಮಾಡಿದರು. ಬಗ್ಗಿ ನೋಡಿದೆ. ದೀಪ ಕಾಣಲಿಲ್ಲ. ಕಂಡದ್ದು ಕುಂಕುಮ.

ಆಯುಧಪೂಜೆಯ ದಿನ ಮೀಟರಿನ ಗಾಜಿನ ಮೂಲೆಗೆ ದಪ್ಪಗೆ ಗಂಧ ಬಳಿದು, ಮೇಲೆ ಕಾಸಗಲ ಕುಂಕುಮ ಇಟ್ಟವಳು ನಾನೇ. ಪೂಜೆ ಮಾಡಿದ್ದನ್ನು ಒರೆಸಬಾರದು, ತಾನಾಗಿ ಉದುರಬೇಕು ಎಂದು ಗಾಡಿ ತೊಳೆಯುವಾಗಲೂ ಅಲ್ಲಿಗೆ ಬಟ್ಟೆ ತಾಗಿಸಲು ಬಿಡದವಳೂ ನಾನೇ.

ಸೆರಗಿನ ತುದಿ ಒದ್ದೆ ಮಾಡಿ ಒರೆಸಿದೆ. ಅಡಿಯಲ್ಲಿ ಹಳದಿ ದೀಪ ಉರಿಯುತ್ತಿತ್ತು. ಎಷ್ಟು ದಿನದಿಂದಲೋ, ದೇವರಿಗೇ ಗೊತ್ತು.

ಅವರು ಇಂಜಿನ್ ಆರಿಸಿ, ಅಲ್ಲೇ ನಿಂತು ಒಂಬತ್ತು ಮನೆಗೂ ಫೋನ್ ಮಾಡಿದರು. "ನಾಳೆ ವ್ಯಾನ್ ಬರಲ್ಲ, ಬ್ರೇಕ್ ಸರಿಯಿಲ್ಲ. ತಪ್ಪು ನಂದೇ, ನೋಡ್ಕೊಂಡಿರ್ಲಿಲ್ಲ." ನನ್ನ ಹೆಸರು ಒಂದು ಸಲವೂ ಎತ್ತಲಿಲ್ಲ.

ಮರುದಿನ ಕಂಪನಿಯವರು ಗಾಡಿ ಎಳೆದುಕೊಂಡು ಹೋದರು. ನಾವೂ ಹಿಂದೆಯೇ ಹೋದೆವು. ಮೆಕ್ಯಾನಿಕ್ ಅನಿಲ್ ಕುಮಾರ್ ಸುಟ್ಟು ಕಪ್ಪಾದ ವೈರ್ ತೋರಿಸಿ, "ಇಳಿಜಾರಲ್ಲಿ ಒಂದ್ಸಲ ಗಟ್ಟಿಯಾಗಿ ಬ್ರೇಕ್ ತುಳಿದಿದ್ರೆ ಗಾಡಿ ಅಡ್ಡ ತಿರುಗ್ತಿತ್ತು ಸಾರ್. ನಿಧಾನಕ್ಕೆ ಓಡಿಸಿದ್ದಕ್ಕೆ ಬಚಾವಾದ್ರಿ" ಎಂದರು. ಸಂಜೆಯೊಳಗೆ ಹೊಸದು ಹಾಕಿದರು. ಇಂಜಿನ್ ಶುರು ಮಾಡಿದಾಗ ಹಳದಿ ದೀಪ ಒಂದು ಕ್ಷಣ ಬೆಳಗಿ ಆರಿಹೋಯಿತು. ಹೋದ ಜೀವ ಬಂದಂತಾಗಿ ನಾನು ಅಲ್ಲೇ ಕುರ್ಚಿಯಲ್ಲಿ ಕೂತು ಅತ್ತುಬಿಟ್ಟೆ.

ಮಾರನೆಯ ಬೆಳಿಗ್ಗೆ ಹೊರಡುವ ಮುಂಚೆ ಅವರೇ ಕುಂಕುಮದ ಬಟ್ಟಲು ತಂದು ನನ್ನ ಕೈಗಿಟ್ಟರು.

"ಎಲ್ಲಿ ಇಡ್ಲಿ ರೀ?" ಎಂದು ಕೇಳಿದೆ.

ಅವರು ತಲೆ ಬಗ್ಗಿಸಿ ಹಣೆ ಮುಂದೆ ಚಾಚಿದರು. "ಇಲ್ಲಿಡು. ಇಲ್ಲಿ ಯಾವ ದೀಪಾನೂ ಇಲ್ಲ."

ಬೇರೆ ದಿನವಾಗಿದ್ದರೆ, ಅದು ನನಗೆ ಮದುವೆಯಾದಾಗಲೇ ಗೊತ್ತಾಗಿತ್ತು ಎನ್ನುತ್ತಿದ್ದೆ. ಅಂದು ಮಾತ್ರ ಎದುರು ಮಾತಾಡದೆ ಇಟ್ಟು ಕಳಿಸಿದೆ.