ನರ ತೋರಿಸಿದ ದನಿ

ಇಂಥದ್ದನ್ನು ಯಾರಾದರೂ ಹೇಳಿದರೆ ನಾನು ನಕ್ಕುಬಿಡುತ್ತಿದ್ದೆ. ಗಂಗಾವತಿಯ ಒಂದು ಆಸ್ಪತ್ರೆಯಲ್ಲಿ ಕ್ಯಾನ್ಸರ್ ವಾರ್ಡಿನ ನರ್ಸ್ ನಾನು. ಸತ್ತವರು ಮಾತಾಡುವುದಾದರೆ ನಮ್ಮ ಕಿವಿಗೆ ಬಿಡುವೇ ಇರುತ್ತಿರಲಿಲ್ಲ ಎನ್ನುತ್ತಿದ್ದೆ. ಈಗ ನೀವು ನಗುವುದಾದರೆ ನಗಿ.

ಹನುಮಸಾಗರದ ಹುಸೇನಬಿ ಚಾಚಿ ಕಿಮೋಗೆ ಬರುತ್ತಿದ್ದರು. ಔಷಧಿಯ ಕಾವಿಗೆ ಕೈಯ ನರಗಳೆಲ್ಲ ಬತ್ತಿದ್ದವು. ಸೂಜಿ ಹಾಕಲು ನಾನೇ ಬೇಕು. ನಾನು ತಡಕಾಡಿದರೆ ತಾವೇ ಬೆರಳಿಟ್ಟು ತೋರಿಸುವರು: "ಅಲ್ಲಲ್ಲ, ಬಾಜೂಕ ನೋಡವಾ. ಬಿಸ್ಮಿಲ್ಲಾ ಅಂದು ಚುಚ್ಚು." ಅದೇ ರೂಢಿಯಾಗಿ ಎಲ್ಲ ರೋಗಿಗಳಿಗೂ "ಬಿಸ್ಮಿಲ್ಲಾ" ಎಂದೇ ಚುಚ್ಚತೊಡಗಿದೆ. ಯಾರೂ ಬೇಡ ಎನ್ನಲಿಲ್ಲ.

ಅಷ್ಟರಲ್ಲಿ ಬೆಂಗಳೂರಿನಲ್ಲಿ ಕ್ಯಾನ್ಸರ್ ಶುಶ್ರೂಷೆಯ ಆರು ತಿಂಗಳ ವಿಶೇಷ ತರಬೇತಿಗೆ ಸೀಟು ಸಿಕ್ಕಿತು. ಮುಗಿಸಿ ಬಂದರೆ ವಾರ್ಡಿನ ಹೊಣೆ ನನಗೇ. ಚಾಚಿಗೆ ಇನ್ನೂ ನಾಲ್ಕು ಕಿಮೋ ಬಾಕಿ. ನಾನು ಹೋಗುವುದಿಲ್ಲ ಎಂದಾಗ ಬೈದರು. "ಹುಚ್ಚಿ, ಇಂಥಾದ್ದು ಮತ್ತ ಸಿಗತೈತೇನು? ಹೋಗು, ದೊಡ್ಡಾಕಿ ಆಗಿ ಬಾ. ನಾ ಎಲ್ಲಿ ಹೊಂಟೇನಿ?"

ಹೋದೆ.

ಕೊನೆಯ ಪ್ರಾಯೋಗಿಕ ಪರೀಕ್ಷೆ ಬೆಳಿಗ್ಗೆ ಹನ್ನೊಂದಕ್ಕೆ. ನನ್ನ ಪಾಲಿಗೆ ಬಂದ ಅಜ್ಜಿಗೆ ಧ್ವನಿಪೆಟ್ಟಿಗೆಯನ್ನೇ ತೆಗೆದಿದ್ದರು, ಮಾತಿಲ್ಲ. ಒಮ್ಮೆ ಚುಚ್ಚಿದೆ, ನರ ಜಾರಿತು. ಪರೀಕ್ಷಕರು ಗಡಿಯಾರ ನೋಡಿದರು. ಹೊಸ ಸೂಜಿ ತೆಗೆದುಕೊಂಡೆ. "ಬಿಸ್ಮಿಲ್ಲಾ" ಎಂದೆ.

"ಅಲ್ಲಲ್ಲ, ಬಾಜೂಕ ನೋಡವಾ."

ಹಾಸಿಗೆಯ ಕಡೆಯಿಂದಲೇ ಸ್ಪಷ್ಟವಾಗಿ ಕೇಳಿತು. ಪಕ್ಕಕ್ಕೆ ಬೆರಳಿಟ್ಟೆ, ನರ ಸಿಕ್ಕಿತು. ತಲೆಯೆತ್ತಿ ನೋಡಿದರೆ ಅಜ್ಜಿ ಕಣ್ಣು ಮುಚ್ಚಿ ಮಲಗಿದ್ದರು. ಪರೀಕ್ಷಕರಿಗೆ ಏನೂ ಕೇಳಿಸಿರಲಿಲ್ಲ.

ಪಾಸಾದೆನೆಂದು ಹೇಳಲು ಚಾಚಿಗೆ ಫೋನ್ ಮಾಡಿದೆ. ಮಗಳು ಎತ್ತಿದಳು.

"ಅಮ್ಮಾ ಹೋಗಿ ತಿಂಗಳಾತ್ರಿ ಸಿಸ್ಟರ್. ನೀವು ಹೋದಮ್ಯಾಲ ಯಾರಿಗೂ ನರ ಸಿಗಲಿಲ್ರಿ. ಚುಚ್ಚಿ ಚುಚ್ಚಿ ಕೈ ಬಾತಿತ್ತು. ಕಡೀ ಎರಡು ಕಿಮೋ ಒಲ್ಲೆ ಅಂದಬಿಟ್ಳು. ನಿಮ್ಮ ಪರೀಕ್ಷಾ ಮುಗಿಯೂತನ ಹೇಳಬ್ಯಾಡ ಅಂದಿದ್ಳ್ರಿ."

ಅಯ್ಯೋ ದೇವರೇ! ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತೆ.

ಈಗ ವಾರ್ಡಿನ ಹೊಣೆ ನನ್ನದು. ಹೊಸ ಹುಡುಗಿಯರಿಗೆ ನರ ಹುಡುಕುವುದನ್ನು ದಿನವೂ ಕಲಿಸುತ್ತೇನೆ. ಅಂದು ಹೋಗುವ ಮುಂಚೆ ಒಬ್ಬಳಿಗೂ ಕಲಿಸಿರಲಿಲ್ಲ. 'ನಾನೇ ಬೇಕು' ಎಂಬುದು ಆಗ ನನಗೆ ಹೆಮ್ಮೆಯಾಗಿತ್ತು.

ಆ ದನಿ ಎಲ್ಲಿಂದ ಬಂತೋ ನನಗೆ ಗೊತ್ತಿಲ್ಲ. ಭ್ರಮೆ ಎನ್ನಿ, ವಾದ ಮಾಡುವುದಿಲ್ಲ. ಚಾಚಿಯೇ ಆಗಿದ್ದರೆ ನನ್ನನ್ನು ಬೈಯಬೇಕಿತ್ತಲ್ಲ? ನನಗೆ ಯಾಕೆ ಸಹಾಯ ಮಾಡಿದರು?