ಮಾಗಡಿ ದಾರಿಯಲ್ಲಿ ಲಾರಿಯ ಸದ್ದು

ಗೌರಿ ಹಬ್ಬದ ಹಿಂದಿನ ವಾರ, ಬೆಳಗಿನ ತುಂತುರು ಮಳೆಯಲ್ಲೇ ನಾನು, ನನ್ನ ಹೆಂಡತಿ ನಿಂಗಮ್ಮ ಚನ್ನಪಟ್ಟಣ ಬಿಟ್ಟೆವು. ಮಹಾರಾಜರ ಕಾಲ ಅದು. ನಮ್ಮ ಸೀಮೆಯಲ್ಲಿ ಮೋಟಾರು ಲಾರಿಗಳು ಬೆರಳೆಣಿಕೆಯಷ್ಟೇ ಇದ್ದವು. ನನ್ನದು ಬೆಂಗಳೂರಿನಲ್ಲಿ ಕೊಂಡ ಹಳೆಯ ಲಾರಿ. ಹಿಂದೆ ಮಾಗಡಿಯ ಅಂಗಡಿಗೆ ತಲುಪಿಸಬೇಕಾದ ಮರದ ಬೊಂಬೆಗಳ ಪೆಟ್ಟಿಗೆಗಳಿದ್ದವು. ಪಕ್ಕದಲ್ಲಿ ನಿಂಗಮ್ಮ. ಮದುವೆಯಾದ ಮೇಲೆ ಅವಳಿಗೆ ಇದೇ ಮೊದಲ ಹಬ್ಬ. ಅವಳ ತವರು ಮಾಗಡಿ ಹತ್ತಿರದ ಕಲ್ಯ.

ಊರು ದಾಟಿ ಸ್ವಲ್ಪ ದೂರ ಹೋಗುವುದರೊಳಗೆ ಕಾಲಡಿಯಲ್ಲಿ ಕುಟ್ಟುವ ಸದ್ದು ಶುರುವಾಯಿತು. ವೇಗ ಹೆಚ್ಚಿಸಿದರೆ ಜೋರಾಗುತ್ತಿತ್ತು. ಪೆಡಲಿನಿಂದ ಕಾಲೆತ್ತಿದರೆ ಧಡ್ ಎಂದು ಒಮ್ಮೆ ಬಡಿಯುತ್ತಿತ್ತು. ಎಂಜಿನ್ನಿನ ಬೇರಿಂಗೇ ಹೋಗಿರಬೇಕೆಂದು ನನ್ನ ಎದೆ ಒಡೆಯಿತು. ತೆವಳಿಕೊಂಡು ಕ್ಲೋಸ್‌ಪೇಟೆ ಸೇರಿದೆವು. ಈಗ ಅದನ್ನು ರಾಮನಗರ ಎನ್ನುತ್ತಾರೆ.

ಅಲ್ಲಿ ಮೋಟಾರು ರಿಪೇರಿ ಮಾಡುವ ಶೆಡ್ಡು ಇದ್ದದ್ದು ಒಂದೇ, ಮರಿಯಪ್ಪನದು. ಮರಿಯಪ್ಪ ನಿಂಗಮ್ಮನ ಸೋದರತ್ತೆಯ ಮಗ. ಇವಳು ಅವನಿಗೇ ಎಂದು ಎರಡೂ ಮನೆಗಳಲ್ಲಿ ಚಿಕ್ಕಂದಿನಿಂದ ಮಾತಾಗಿತ್ತಂತೆ. ಆ ಮಾತು ಯಾಕೆ ಮುರಿಯಿತೋ ಯಾರೂ ನನಗೆ ಹೇಳಿರಲಿಲ್ಲ. ಕೇಳುವ ಧೈರ್ಯ ನನಗೂ ಇರಲಿಲ್ಲ.

ಅವನು ಅವಳನ್ನು ನಿಂಗಿ ಎಂದು ಕರೆದ. ಅಷ್ಟು ಸಲುಗೆ ನನಗೇ ಇನ್ನೂ ಬಂದಿರಲಿಲ್ಲ. ಅವಳು ಬಾವ ಬಾವ ಎನ್ನುತ್ತಾ ದಾರಿಗೆಂದು ಕಟ್ಟಿದ್ದ ರೊಟ್ಟಿಯ ಗಂಟು ಬಿಚ್ಚಿ, ಹುಚ್ಚೆಳ್ಳು ಚಟ್ನಿ ಹಚ್ಚಿ ಮೊದಲ ರೊಟ್ಟಿಯನ್ನು ಅವನ ಕೈಗಿಟ್ಟಳು. ನನ್ನ ಹಸಿವು ಸತ್ತುಹೋಯಿತು.

ನಿಂತಲ್ಲೇ ಎಂಜಿನ್ ಓಡಿಸಿ ಎಂದು ಮರಿಯಪ್ಪ ನನ್ನನ್ನು ಸೀಟಿನಲ್ಲಿ ಕೂರಿಸಿದ. ಒಂದು ಮರದ ಕೋಲಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಇನ್ನೊಂದು ತುದಿಗೆ ಕಿವಿಯಿಟ್ಟು ಆಲಿಸಿದ. ಆಮೇಲೆ ಕೋಲನ್ನು ಅವಳ ಕಿವಿಗೂ ಕೊಟ್ಟ. ಬಾನೆಟ್ಟಿನ ಆಚೆ ನನಗೆ ಕಂಡದ್ದು ಹತ್ತಿರ ಹತ್ತಿರ ಬಾಗಿದ ಎರಡು ತಲೆಗಳು ಮಾತ್ರ. ಅವಳು ನಕ್ಕಳು. ನಮ್ಮ ಮನೆಯಲ್ಲಿ ಅವಳು ಹಾಗೆ ನಕ್ಕಿದ್ದನ್ನು ನಾನು ಕೇಳಿರಲಿಲ್ಲ. ಮತ್ತೇನೂ ಕೇಳಿಸದಂತೆ ಪೆಡಲನ್ನು ಬಲವಾಗಿ ತುಳಿದೆ.

ಅವನು ಎಂಜಿನ್ ನಿಲ್ಲಿಸಲು ಹೇಳಿ ಲಾರಿಯ ಕೆಳಗೆ ತೂರಿದ. ಗೇರ್ ಬಾಕ್ಸಿನಿಂದ ಹಿಂದಿನ ಚಕ್ರಗಳ ಕಡೆ ಹೋಗುವ ಉದ್ದನೆಯ ಶಾಫ್ಟನ್ನು ಕೈಯಲ್ಲಿ ಹಿಡಿದು ತಿರುವಿದಾಗ ಅದೇ ಧಡ್ ಎಂಬ ಸದ್ದು ಬಂತು.

"ಎಂಜಿನ್ ಚೆನ್ನಾಗೈತೆ ಅಣ್ಣ, ನಿಂತಾಗ ಸದ್ದೇ ಇಲ್ಲ. ಗೇರ್ ಬಾಕ್ಸ್ ಹಿಂದ್ಗಡೆ ಶಾಫ್ಟು ಸೇರೋ ಕೀಲಿನ ಬೋಲ್ಟುಗಳು ಸವೆದೋಗವೆ. ಹೊಸಾವು ಮಾಡೋಕೆ ಒಸಿ ಹೊತ್ತು ಬೇಕು. ಇವತ್ತು ನಮ್ಮನೇಲೇ ಉಳ್ಕಳಿ. ಹಂಗೇ ಹೋದ್ರೆ ಶಾಫ್ಟು ಕಳಚಿ ನೆಲಕ್ಕೆ ನೆಟ್ಕಂಡು ಲಾರಿನೇ ಮಗುಚ್ಬುಡ್ತದೆ" ಎಂದ.

ಅವನ ಮನೆಯಲ್ಲಿ ಉಳಿಯುವುದು ನನ್ನಿಂದಾಗದ ಮಾತು. ಹೊತ್ತಾಯಿತು ಎಂದು ಹೇಳಿ ಲಾರಿ ಹೊರಡಿಸಿದೆ.

ಮಾಗಡಿ ರಸ್ತೆ ಏರಿಳಿತದ್ದು, ಮಳೆಗೆ ಜಾರುತ್ತಿತ್ತು. ನಾಲ್ಕೈದು ಮೈಲಿ ಹೋಗುವಷ್ಟರಲ್ಲಿ ಸದ್ದು ಸೀಟನ್ನೇ ಅಲುಗಿಸತೊಡಗಿತು. ಒಂದು ಇಳಿಜಾರಿನ ನೆತ್ತಿಯಲ್ಲಿ ನಿಂಗಮ್ಮ ಲಾರಿ ನಿಲ್ಲಿಸಲು ಹೇಳಿದಳು.

"ಇಬ್ರೂ ಇಳ್ಯಾನ. ಇಲ್ಲೇ ನಿಂತಿರ್ಲಿ."

"ಬಾವನ ಮಾತಿನ ಮೇಲೆ ಅಷ್ಟೊಂದು ನಂಬಿಕೆಯಾ ನಿಂಗೆ?" ಎಂದೆ.

ಅವಳು ನನ್ನ ಮುಖ ನೋಡಿದಳು. ಬಾಗಿಲು ತೆರೆದು ಇಳಿದುಬಿಟ್ಟಳು. ಅವಳನ್ನು ಅಲ್ಲೇ ಬಿಟ್ಟು ನಾನು ಬೇಕೆಂದೇ ಲಾರಿಯನ್ನು ಇಳಿಜಾರಿಗೆ ಬಿಟ್ಟೆ. ಇಳಿಜಾರು ಮುಗಿದು ಸಮ ನೆಲಕ್ಕೆ ಬಂದು, ಗೆದ್ದೆ ಎಂದುಕೊಳ್ಳುವಾಗಲೇ ಕೆಳಗೆ ಏನೋ ಸಿಡಿಯಿತು. ಶಾಫ್ಟಿನ ತುದಿ ಕೆಸರಿಗೆ ನಾಟಿ, ಲಾರಿ ಮೈಯೆತ್ತಿ ಕುಕ್ಕರಿಸಿತು. ನನ್ನ ಹಣೆ ಸ್ಟೀರಿಂಗಿಗೆ ಬಡಿಯಿತು. ಇಳಿಜಾರಿನಲ್ಲೇ ಕಳಚಿದ್ದರೆ ನಾನು ಉಳಿಯುತ್ತಿರಲಿಲ್ಲ.

ನಿಂಗಮ್ಮ ಓಡಿಬಂದು ಸೆರಗಿನಿಂದ ರಕ್ತ ಒರೆಸಿದಳು.

ಹತ್ತಿರದ ಒಕ್ಕಲಿಗರ ಮನೆಯಲ್ಲಿ ಅವಳನ್ನು ಬಿಟ್ಟು, ಅವರದೇ ಎತ್ತಿನ ಗಾಡಿಯಲ್ಲಿ ಕ್ಲೋಸ್‌ಪೇಟೆಗೆ ಮರಳಿದೆ. ಮರಿಯಪ್ಪ ಆಗಲೇ ಹೊಸ ಬೋಲ್ಟುಗಳನ್ನು ಅರದಿಂದ ಉಜ್ಜಿ ಮುಗಿಸುತ್ತಿದ್ದ. ನನ್ನ ಹಣೆ ನೋಡಿ ಅವನು ಕೇಳಿದ್ದು ಒಂದೇ, ನಿಂಗಿಗೆ ಏನಾದರೂ ಆಯಿತೇ ಎಂದು. ಇಲ್ಲವೆಂದ ಮೇಲೆ ಸಾಮಾನಿನ ಚೀಲ ಹಿಡಿದು ಗಾಡಿ ಹತ್ತಿದ.

ಅರ್ಧ ದಾರಿ ಕಳೆದ ಮೇಲೆ ನಾನೇ ಬಾಯಿಬಿಟ್ಟು, ಅವಳನ್ನು ಯಾಕೆ ಮದುವೆಯಾಗಲಿಲ್ಲ ಎಂದು ಕೇಳಿದೆ.

"ನಾನು ಬ್ಯಾಡ ಅನ್ಲಿಲ್ಲ ಅಣ್ಣ. ಅವಳೇ ಒಲ್ಲೆ ಅಂದ್ಲು. ನಿಮ್ಮ ಕಡೆಯೋರು ಬಂದು ಕೇಳ್ದಾಗ ಒಂದೇ ಮಾತಿಗೆ ಒಪ್ಕಂಡ್ಲು" ಎಂದ. ಎತ್ತುಗಳ ಕಡೆ ನೋಡುತ್ತಲೇ ಮತ್ತೆ ಹೇಳಿದ: "ಬೆಳಿಗ್ಗೆ ನಿಮ್ಮ ಪಕ್ಕ ಕುಂತ್ಕಂಡು ಬಂದ್ಲಲ್ಲ, ನೋಡಿ ನಂಗೆ ಹೊಟ್ಟೆ ಉರ್ದೋಯ್ತು."

ಅವನು ಶಾಫ್ಟು ಕೂಡಿಸುವಾಗ ಕೆಸರಿನಲ್ಲಿ ಅವನ ಪಕ್ಕವೇ ಮಲಗಿ ಅದನ್ನು ಎತ್ತಿ ಹಿಡಿದೆ. ಮುಗಿದ ಮೇಲೆ ಅವನು ಅದೇ ಗಾಡಿಯಲ್ಲಿ ಹಿಂದಿರುಗಿದ. ಕತ್ತಲಾಗುವ ಮೊದಲು ನಾವು ಕಲ್ಯ ಸೇರಿದೆವು. ದಾರಿಯಲ್ಲಿ ನಿಂಗಮ್ಮ, ಬಾವ ಏನಂದ ಎಂದು ಕೇಳಿದಳು. ಬೋಲ್ಟಿನ ವಿಷಯ ಎಂದೆ.

ಅವಳನ್ನು ತವರಿನಲ್ಲಿ ಬಿಟ್ಟು, ಬೊಂಬೆಗಳನ್ನು ಮಾಗಡಿಗೆ ಮುಟ್ಟಿಸಿ, ಒಬ್ಬನೇ ಹಿಂದಿರುಗುವಾಗ ಶೆಡ್ಡಿನ ಮುಂದೆ ಲಾರಿ ನಿಧಾನಿಸಿದೆ. ಮರಿಯಪ್ಪ ಹೊರಗೆ ಬಂದ. ನನ್ನ ಮುಖಕ್ಕಿಂತ ಮೊದಲು ಅವನು ನೋಡಿದ್ದು ಪಕ್ಕದ ಖಾಲಿ ಸೀಟನ್ನು. ಅಷ್ಟಕ್ಕೇ ನನ್ನ ಹೊಟ್ಟೆಯಲ್ಲಿ ಮತ್ತೆ ಕಿಚ್ಚೆದ್ದಿತು. ಆದರೂ ಎಂಜಿನ್ ನಿಲ್ಲಿಸಿ, ಕೆಳಗಿಳಿದು, ನಿಂಗಿ ಸುಖವಾಗಿ ಊರು ಸೇರಿದಳು ಎಂದು ಹೇಳಿದೆ. ಅವಳನ್ನು ಆ ಹೆಸರಿನಿಂದ ನಾನು ಕರೆದದ್ದು ಅದೇ ಮೊದಲು.