ತಬಿಥಾ, ಅಂದರೆ ನಮ್ಮ ತಬ್ಬವ್ವ

ಕೆತ್ತುವ ಕಲ್ಲಿನ ಪುಡಿಗೊಂದು ವಾಸನೆ ಇರುತ್ತದೆ. ಮಳೆ ಬರುವ ಮುಂಚಿನ ಧೂಳಿನಂಥದ್ದು. ಹೋದ ತಿಂಗಳು ತೀರಿಕೊಂಡ ನಮ್ಮಕ್ಕನ ಸಮಾಧಿಗೆ ಕಲ್ಲು ಬೇಕಿತ್ತು. ಬೆಟಗೇರಿಯ ಈರಪ್ಪ ಉಳಿ ಹಿಡಿದು ಕೇಳಿದ:

"ಹೆಸರು ಏನಂತ ಕೆತ್ತಲ್ರಿ?"

"ತಬಿಥಾ."

"ಅದ್ಯಾರ್ರಿ? ತೀರಿಕೊಂಡಾಕಿ ತಬ್ಬವ್ವ ಅಲ್ಲೇನ್ರಿ?"

ನಗು ಬಂತು. ನಿಮಗೆ ಹೇಳಿಬಿಡುತ್ತೇನೆ. ತಬಿಥಾ ಬೈಬಲಿನ ಹೆಸರು. ಯೊಪ್ಪ ಎಂಬ ಊರಲ್ಲಿ ಬಡ ವಿಧವೆಯರಿಗೆ ಬಟ್ಟೆ ಹೊಲಿದುಕೊಡುತ್ತಿದ್ದವಳು. ಆಕೆ ಸತ್ತಾಗ ಸಂತ ಪೇತ್ರನು ಬಂದು ಹೆಸರು ಹಿಡಿದು ಕರೆದ, ಎದ್ದು ಕುಳಿತಳು. ಅಲ್ಲಿಯ ಅರಾಮಿಕ್ ಮಾತಿನಲ್ಲಿ ತಬಿಥಾ ಎಂದರೆ ಜಿಂಕೆ.

ಪಾದ್ರಿಗಳು ಈ ಅರ್ಥ ಹೇಳಿದ ದಿನ ನಮ್ಮವ್ವ, "ಜಿಂಕಿ ಅಂದ್ರ ಚಿಗರಿ ಏನ್ರಿ? ಈಕಿ ಒಲಿ ಮುಂದಿಂದ ಏಳಾಕ ಇಬ್ಬರು ಕೈ ಹಿಡೀಬೇಕ್ರಿ!" ಎಂದಿದ್ದಳು. ಅಕ್ಕ ಅಷ್ಟು ದಪ್ಪ. ಕಡ್ಡಿಯಂಥ ನನಗೆ ಬೈಬಲಿನ ಮಹಾ ಬಲಶಾಲಿ ಸಂಸೋನನ ಹೆಸರು. "ಸಂಸೋನಾ, ಕೊಡ ಎತ್ತಲೇ," ಎಂದು ಅಕ್ಕ ನನ್ನ ಮೇಲೆ ಸೇಡು ತೀರಿಸಿಕೊಳ್ಳುತ್ತಿದ್ದಳು.

ನಮ್ಮ ನೇಕಾರರ ಓಣಿಯ ನಾಲಿಗೆಗೆ ತಬಿಥಾ ಹತ್ತಲಿಲ್ಲ, ತಬ್ಬವ್ವ ಆಯಿತು. ತಬ್ಬಿಕೊಳ್ಳುವವಳು ತಬ್ಬವ್ವ ಎಂದು ಜನ ಅರ್ಥವನ್ನೂ ಮಾಡಿಕೊಂಡರು. ಅಕ್ಕನೋ ನಂಟರ ಕೈ ಹಿಡಿಯಲೂ ನಾಚುವವಳು. ಎದುರುಮನೆಯ ಶಂಕ್ರವ್ವ ಗಂಡನನ್ನು ಕಳೆದುಕೊಂಡ ದಿನ ಅಕ್ಕ ಬಾಗಿಲಲ್ಲೇ ನಿಂತಿದ್ದಳು. "ಅಂಥಾ ಹೆಸರು ಇಟಗೊಂಡು ದೂರ ನಿಂತಿಯಲ್ಲಬೇ! ಬಾ," ಎಂದು ಶಂಕ್ರವ್ವ ತೋಳು ಚಾಚಿದಳು. ಅಕ್ಕ ಒಳಗೆ ಹೋಗಿ ತಬ್ಬಿಕೊಂಡಳು. ಅಂದಿನಿಂದ ಯಾರ ಮನೆಯಲ್ಲಿ ಸಾವಾದರೂ, ದೂರದ ಹರ್ತಿ ಹಳ್ಳಿಯಿಂದ ಕೂಡ, ಮೊದಲ ಖಬರ ಅಕ್ಕನಿಗೇ ಬರತೊಡಗಿತು.

"ಅಕ್ಕಾ, ನಿನ್ನ ಹೆಸರಿನ ಅರ್ಥ ಅದಲ್ಲ," ಎಂದೆ ಒಮ್ಮೆ.

"ಖರೆ ಅರ್ಥ ಹಿಡ್ಕೊಂಡು ಅಡವ್ಯಾಗ ಓಡ್ಲೇನು? ಸುಮ್ನ ಕುಂಡರಲೇ."

ಈರಪ್ಪ ಕಾಯುತ್ತಿದ್ದ. ಕಡೆಯ ದಿನ ಕರ್ತನು ಸತ್ತವರನ್ನು ಹೆಸರು ಹಿಡಿದು ಎಬ್ಬಿಸುತ್ತಾನೆ ಎಂದು ನಂಬಿದವನು ನಾನು. ಅದಕ್ಕೇ ಬೈಬಲಿನ ಹೆಸರಿಗೆ ಪಟ್ಟು ಹಿಡಿದಿದ್ದೆ. ಕಲ್ಲಿನ ಮೇಲೆ ತಪ್ಪಾದರೆ ಅಕ್ಕ ಮಲಗಿಯೇ ಉಳಿದಾಳು ಎಂಬ ಭಯ. ಆದರೆ ಆಸ್ಪತ್ರೆಯಲ್ಲಿ ನರ್ಸ್, "ತಬಿಥಾ ಯಾರ್ರಿ?" ಎಂದು ಕೂಗಿದಾಗ, ನನ್ನ ಪಕ್ಕದಲ್ಲಿ ಕುಳಿತಿದ್ದ ಅಕ್ಕ ತಾನೂ ಕತ್ತು ತಿರುಗಿಸಿ ಅದ್ಯಾರೆಂದು ಹುಡುಕಿದ್ದು ನೆನಪಾಯಿತು.

"ತಬ್ಬವ್ವ ಅಂತನ ಕೆತ್ತಪಾ," ಎಂದೆ. "ಬ್ಯಾರೆ ಹೆಸರಿಗೆ ಆಕಿ ಏಳೂದಿಲ್ಲ."